ಇಳಕಲ್ ಸೀರೆ: ದೊಡ್ಡ ಆ್ಯಪ್, ಸಣ್ಣ ಅಂಗಡಿ

ಅಮ್ಮನಿಗೆ ಇಳಕಲ್ ಸೀರೆ ಬೇಕಿತ್ತು. ದೀಪಾವಳಿಗೆ ಒಂದು ದೊಡ್ಡ ಆ್ಯಪ್‌ನಲ್ಲಿ ತರಿಸಿದೆ, ಯುಗಾದಿಗೆ ಇಳಕಲ್‌ನ ನೇಕಾರ ಕುಟುಂಬವೊಂದು ನಡೆಸುವ ಆನ್‌ಲೈನ್ ಅಂಗಡಿಯಿಂದ. ಎರಡೂ ಕಡೆಯಿಂದ ಮೊದಲು ಬಂದದ್ದು ತಪ್ಪು ಸೀರೆಯೇ. ಹಾಗಾಗಿ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದು.

ಬೆಲೆ ಮತ್ತು ವೇಗದಲ್ಲಿ ಆ್ಯಪ್ ಮುಂದು: 1,450 ರೂಪಾಯಿ, ಎರಡೇ ದಿನ. ಸಣ್ಣ ಅಂಗಡಿಯದು 3,200 ರೂಪಾಯಿ, ಅಂಚೆಯಲ್ಲಿ ಎಂಟು ದಿನ.

ಆ್ಯಪ್‌ನ ಪುಟದಲ್ಲಿ ‘ಕೈಮಗ್ಗ, ರೇಷ್ಮೆ ಸೆರಗು’ ಎಂದಿತ್ತು. ಅಷ್ಟು ದೊಡ್ಡ ಹೆಸರಿನವರು ಸುಳ್ಳು ಬರೆಯಲಾರರು ಎಂದು ನಂಬಿದ್ದೆ. ಅಮ್ಮ ಮಡಿಕೆ ಬಿಚ್ಚಿದವಳೇ ಒಡಲು ಮತ್ತು ಸೆರಗು ಸೇರುವ ಜಾಗದಲ್ಲಿ ಬೆರಳಾಡಿಸಿದಳು. ಅಸಲಿ ಇಳಕಲ್‌ನಲ್ಲಿ ಒಡಲಿನ ಹಾಸಿನ (ಉದ್ದಕ್ಕೆ ಓಡುವ) ಎಳೆಗಳಿಗೆ ಸೆರಗಿನ ಎಳೆಗಳನ್ನು ಕುಣಿಕೆ ಹಾಕಿ ಕೂಡಿಸುತ್ತಾರೆ. ಇದರಲ್ಲಿ ಆ ಕುಣಿಕೆಯೇ ಇರಲಿಲ್ಲ. ಸೆರಗಿನ ತುದಿಯ ಒಂದೆಳೆ ಕಿತ್ತು ದೀಪಕ್ಕೆ ಹಿಡಿದಳು. ರೇಷ್ಮೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬರಬೇಕು. ಇದು ಕಾಗದದಂತೆ ಭಗ್ಗನೆ ಉರಿಯಿತು.

ದೂರು ಕೊಡಲು ಹೋದರೆ ಅಲ್ಲಿದ್ದ ಕಾರಣಗಳು ಮೂರೇ: ಹರಿದಿದೆ, ಬಣ್ಣ ಬೇರೆ, ಬೇಡವಾಗಿದೆ. ಮೂವರು ಸಿಬ್ಬಂದಿಗೆ ಈ ಕುಣಿಕೆ ಎಂದರೇನು ಎಂದು ಮೊದಲಿನಿಂದ ವಿವರಿಸಿದೆ. ಮೂವರೂ ಸೌಜನ್ಯದಿಂದಲೇ ಮಾತನಾಡಿದರು, ಕೆಲಸ ಮಾತ್ರ ಆಗಲಿಲ್ಲ. ಕೊನೆಗೆ ಆ್ಯಪ್‌ನ ಕುಂದುಕೊರತೆ ಅಧಿಕಾರಿಗೆ ಬರೆದೆ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು ಅವರು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ವರ್ಣನೆಗೆ ಹೊಂದದ ಸರಕನ್ನು ಮಾರಾಟಗಾರ ವಾಪಸ್ ಪಡೆಯಲೇಬೇಕು. ಹನ್ನೊಂದನೆಯ ದಿನ ಪೂರ್ತಿ ಹಣ ಬಂತು. ಅಲ್ಲಿಗೆ ನನ್ನ ಸಿಟ್ಟು ಇಳಿಯಬೇಕಿತ್ತು. ಆದರೆ ವಾರದ ನಂತರ ನೋಡಿದರೆ ಅದೇ ಸೀರೆ, ಅದೇ ‘ಕೈಮಗ್ಗ’ ಎಂಬ ಮಾತಿನೊಂದಿಗೆ ಮಾರಾಟಕ್ಕಿತ್ತು. ನನಗೆ ಹಣ ಕೊಟ್ಟು ಬಾಯಿ ಮುಚ್ಚಿಸಿದಂತಾಯಿತು. ಇಳಕಲ್ ಎಂಬುದು ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ಹೆಸರು, ಅಂದರೆ ಆ ಪ್ರದೇಶದ ಸರಕಿಗಷ್ಟೇ ಸಲ್ಲುವ ಹೆಸರು. ಆ ಹೆಸರು ಕೆಟ್ಟರೆ ಕೆಡುವುದು ಮಗ್ಗದ ಮುಂದೆ ಕುಳಿತವರ ಅನ್ನ.

ಸಣ್ಣ ಅಂಗಡಿಯ ತಪ್ಪು ಬಣ್ಣದ್ದು. ದಾಳಿಂಬೆ ಬಣ್ಣ ಕೇಳಿದ್ದೆ, ಬಂದದ್ದು ಅದಕ್ಕಿಂತ ಕಪ್ಪಿಟ್ಟ ಕೆಂಪು. ವಾಟ್ಸ್ಆ್ಯಪ್ ಮಾಡಿದ ಸಂಜೆಯೇ ಅಂಗಡಿಯ ಹೆಣ್ಣುಮಗಳು ವಿಡಿಯೊ ಕರೆ ಮಾಡಿದರು. ‘ಅಕ್ಕ, ಸೆರಗನ್ನು ಕಿಟಕಿಯ ಹತ್ತಿರ ಹಿಡಿಯಿರಿ’ ಎಂದರು. ನೋಡಿ, ‘ನಮ್ಮ ಫೋಟೊದ್ದೇ ತಪ್ಪು, ಟ್ಯೂಬ್‌ಲೈಟ್ ಕೆಳಗೆ ತೆಗೆದದ್ದು’ ಎಂದರು. ಹಳೆಯದು ವಾಪಸ್ ಬರುವುದನ್ನು ಕಾಯದೆ ಹೊಸದನ್ನು ಕಳುಹಿಸಿದರು. ಅಂಚೆ ವೆಚ್ಚವೂ ಅವರದೇ. ಕುಣಿಕೆ ನೋಡಿ ಅಮ್ಮ ಏನೂ ಹೇಳಲಿಲ್ಲ, ಆ ದಿನವೇ ಉಟ್ಟಳು.

ಈಗ ಆ ಸೀರೆಯ ಪುಟದಲ್ಲಿ ಎರಡು ಫೋಟೊಗಳಿವೆ. ಎರಡನೆಯದರ ಕೆಳಗೆ ‘ಬಿಸಿಲಿನಲ್ಲಿ’ ಎಂದು ಬರೆದಿದ್ದಾರೆ. ಗೌರಿ ಹಬ್ಬಕ್ಕೆ ಅತ್ತಿಗೆಗೂ ಚಿಕ್ಕಮ್ಮನಿಗೂ ಅಲ್ಲಿಂದಲೇ ತರಿಸಿದೆ, ಬೆಲೆ ಹೋಲಿಸಿ ನೋಡಲಿಲ್ಲ.