ರಾಗಿಯೋ, ಅಕ್ಕಿಯೋ? ಹಾಸನದ ಅಡುಗೆಮನೆಯಿಂದ

ಪರಿಸರಕ್ಕೆ ಒಳ್ಳೆಯದು ಅಂತ ಅಕ್ಕಿ ಕಡಿಮೆ ಮಾಡಿ ರಾಗಿ ತರಲಾ ಅಂತ ಕೇಳಿದ್ದೀರಿ.

ನೀರಿನ ಲೆಕ್ಕದಲ್ಲಿ ರಾಗಿಯೇ ಮುಂದೆ. ಅರಸೀಕೆರೆ ಕಡೆ ಅದು ಮಳೆಯನ್ನೇ ನಂಬಿ ಬೆಳೆಯುತ್ತದೆ. ಭತ್ತದ ಗದ್ದೆಯಲ್ಲಿ ನೀರು ನಿಲ್ಲಬೇಕು, ನೀರು ನಿಂತ ಮಣ್ಣಿನಿಂದ ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಹೊರಡುತ್ತದೆ. ಹಾಗಂತ ಸಕಲೇಶಪುರದ ಮಳೆಗಾಲದ ಗದ್ದೆಯನ್ನೂ ನಾಲೆ ನೀರಿನ ಬೇಸಿಗೆ ಭತ್ತವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಮಲೆನಾಡಿನಲ್ಲಿ ಆ ನೀರು ಹೇಗೂ ಆಕಾಶದ್ದೇ.

ಬಾಳಿಕೆಯಲ್ಲೂ ರಾಗಿ ಗಟ್ಟಿ. ಕಾಳಿಗೆ ಹುಳ ಹಿಡಿಯುವುದು ಅಪರೂಪ. ಹಿಟ್ಟು ಮಾತ್ರ ಬೇಗ ಕೆಡುತ್ತದೆ. ಕಾಸಿನ ವಿಷಯ: ಕಾಳು ತಂದು ಮಿಲ್ಲಿನಲ್ಲಿ ಬೀಸಿಸಿದರೆ ಅಗ್ಗ, ಚೆಂದದ ಪ್ಯಾಕೆಟ್ ಹಿಟ್ಟಿಗೆ ಜಾಸ್ತಿ.

ತೊಡಕು ಇರುವುದು ನಾಲಿಗೆಯಲ್ಲಿ. ನಾನು ಹುರುಪಿನಲ್ಲಿ 10 ಕೆಜಿ ಬೀಸಿಸಿ ತಂದೆ. ಮಕ್ಕಳಿಗೆ ಮುದ್ದೆ ನುಂಗಲು ಬರಲಿಲ್ಲ, ಅಗಿದು ಅಗಿದು ತಟ್ಟೆಯಲ್ಲೇ ಬಿಟ್ಟರು. ಎಸೆದ ಮುದ್ದೆಯಿಂದ ಯಾವ ಪರಿಸರ ಉಳಿಯುತ್ತೆ, ಅಲ್ವಾ? ಈರುಳ್ಳಿ, ಸಬ್ಬಸಿಗೆ ಹಾಕಿ ರೊಟ್ಟಿ ತಟ್ಟಿದ ಮೇಲೆ ಡಬ್ಬ ಖಾಲಿಯಾಯಿತು.

ಮನೆಯಲ್ಲಿ ಮುದ್ದೆ, ಬಸ್ಸಾರು ನಡೆಯುತ್ತಿದ್ದರೆ ಕಣ್ಣುಮುಚ್ಚಿ ರಾಗಿ ತನ್ನಿ. ಅನ್ನವಿಲ್ಲದೆ ಊಟವೇ ಆಗದ ಮನೆಯಾದರೆ ಹತ್ತಿರದ ಗದ್ದೆಯ ಅಕ್ಕಿ ತಂದು, ದಿನಾ ಉಳಿಯುವಷ್ಟು ಅನ್ನ ಮಾಡುವುದನ್ನು ಮೊದಲು ನಿಲ್ಲಿಸಿ. ರಾಗಿ ಬೆಳಗಿನ ತಿಂಡಿಗೆ ಸಾಕು.