ಕಲಬುರಗಿದಾಗ ಫರ್ಟಿಲಿಟಿ ಟೆಸ್ಟ್: ಡಾಕ್ಟರ್ ಛಲೋ, ಕೌಂಟರ್ ಬ್ಯಾಡಪ್ಪ

ದವಾಖಾನಿ ಹೆಸರು ಹಾಕಂಗಿಲ್ಲ, ಕೇಳಬ್ಯಾಡ್ರಿ. ಕಲಬುರಗಿದಾಗೇ ಅದ, ಅಷ್ಟು ಸಾಕು.

ಕೂಸು ಬೇಕಂತ ನೋಡ್ಲಾಕತ್ತಿ ಏಳು ತಿಂಗಳಾಯ್ತು, ನಂಗ 31. ಡಾಕ್ಟರ್ ಮೇಡಂ ಮೊದಲೇ ಹೇಳಿದ್ರು, 35ರ ಒಳಗಿದ್ರ ಒಂದು ವರ್ಷ ನೋಡ್ತೀವಿ, 35 ದಾಟಿದ್ರ ಆರೇ ತಿಂಗಳು, ಆದ್ರ ನಿಮಗ ಡೇಟ್ 40-45 ದಿನಕ್ಕ ಬರ್ತದಲ್ಲ, ಅದಕ್ಕ ಈಗೇ ಟೆಸ್ಟ್ ಮಾಡ್ಸೋಣ ಅಂತ. ಸುಮ್ಸುಮ್ಕ ರೊಕ್ಕ ಕೀಳೋರಲ್ಲ ಅಂತ ಅಲ್ಲೇ ಗೊತ್ತಾಯ್ತು.

ಎಫ್‌ಎಸ್‌ಎಚ್, ಎಲ್‌ಎಚ್ ಅಂತ ತತ್ತಿ ಬೆಳಸಿ ಬಿಡಸೋ ಹಾರ್ಮೋನಿನ ಟೆಸ್ಟಿಗೆ ರಕ್ತ ಪಿರಿಯಡ್ಸಿನ ಎರಡನೇ ಇಲ್ಲ ಮೂರನೇ ದಿನ ಕೊಡಬೇಕು, ತತ್ತಿ ಎಷ್ಟು ಉಳದಾವ ಅಂತ ತೋರ್ಸೋ ಎಎಂಎಚ್, ಥೈರಾಯ್ಡ್ ಯಾವಾಗ ಕೊಟ್ರೂ ನಡೀತದ. ನಂದು ಎರಡನೇ ದಿನ ಐತವಾರ ಬಂತು, ಲ್ಯಾಬ್ ಬಂದ್, ಸೋಮವಾರ ಮುಂಜಾನೆ ಓಡಿದ್ವಿ. ಅತ್ತಿಯವರಿಗೆ ಬಿ-12 ಟೆಸ್ಟ್ ಅಂತ ಸುಳ್ಳು ಹೇಳಿದ್ದೆ, ಅವರು ರಕ್ತ ಕೊಟ್ಟ ಮ್ಯಾಲ ತಿನ್ನವ್ವ ಅಂತ ರೊಟ್ಟಿ, ಪುಂಡಿಪಲ್ಯ ಕಟ್ಟಿ ಕೊಟ್ರು, ಹೊಟ್ಟಿ ಚುರ್ ಅಂತು.

ಮೇಡಂ ಮಾಡಿದ್ದು ಒಂದು ಭಾಳ ಹಿಡಿಸ್ತು. ಬಾಗಲದಾಗ ನಿಂತಿದ್ದ ನಮ್ಮನಿಯವರನ್ನ ಒಳಗ ಕರದು ಕೂಡ್ಸಿ "ನಿಮ್ದು ಭೀ ಟೆಸ್ಟ್ ಇವತ್ತೇ ಬರೀತೀನಿ, ಬರೇ ಅವರಿಗೇ ಸೂಜಿ ಚುಚ್ಚಿ ಏನ್ ಮಾಡೋಣ" ಅಂದ್ರು. ನಮ್ಮ ಕಡೆ ಇದು ಸಣ್ಣ ಮಾತಲ್ರಿ. ನಮ್ಮ ಕಾಕಾನ ಮಗಳಿಗೆ ಮೂರು ವರ್ಷ ಗುಳಿಗಿ ನುಂಗ್ಸಿ ಆಮ್ಯಾಲ ಆಕಿ ಗಂಡಂದು ಚೆಕ್ ಮಾಡಿದ್ರು.

ಇನ್ನ ಕೌಂಟರ್. ಮಂದಿ ತುಂಬಿರೋ ಮುಂದ "ಸೆಮೆನ್ ಯಾರ್ದು, ಎಷ್ಟ್ ದಿನ ಗ್ಯಾಪ್ ಆಗ್ಯಾದ" ಅಂತ ಕೂಗ್ತಾನ ಆ ಹುಡುಗ! ಸೆಮೆನ್ ಅಂದ್ರ ವೀರ್ಯದ ಟೆಸ್ಟಿಗೆ ಮೊದಲು ಎರಡರಿಂದ ಏಳು ದಿನ ವೀರ್ಯ ಹೊರಗ ಹೋಗಿರಬಾರದು, ಆ ಗ್ಯಾಪ್ ಬೇಕು ಖರೇ, ಚೀಟಿ ಮ್ಯಾಲ ಬರಸ್ಕೊಂಡ್ರ ಕೈ ಸವೀತದೇನ್? ಸ್ಯಾಂಪಲ್ ಕೊಡ್ಲಾಕ ಬ್ಯಾರೆ ರೂಮ್ ಇಲ್ಲ, ಪೇಷಂಟ್‌ಗೋಳ ಸಂಡಾಸೇ ಗತಿ, ಚಿಲಕ ಭೀ ಸಡ್ಲ. ಇವ್ರು ಎರಡು ಸಲ ಒಳಗ ಹೋಗಿ ಎರಡು ಸಲನೂ ಬೆವತು ಹೊರಗ ಬಂದ್ರು. ಕಡಿಗಿ ಮರುದಿನ ಮನ್ಯಾಗೇ ತಗೊಂಡು, ಒಂದು ತಾಸಿನೊಳಗ ಮುಟ್ಟಸ್ರಿ ಅಂದಿದ್ರಲ್ಲ, ಡಬ್ಬಿ ಅಂಗಿ ಒಳಗ ಇಟ್ಕೊಂಡು ಬೈಕ್ ಮ್ಯಾಲ ಹೋದ್ರು, ಮೇ ತಿಂಗಳ ಬಿಸಲಾಗ ಡಿಕ್ಕಿದಾಗ ಇಟ್ರ ಕೆಟ್ಟು ಹೋಗ್ತದ ಅಂತ ಲ್ಯಾಬಿನ ಅಕ್ಕೋರು ಹೇಳಿದ್ರು, ಪಾಪ ಸೂಪರ್ ಮಾರ್ಕೆಟ್ ಏರಿಯಾದ ಟ್ರಾಫಿಕ್‌ದಾಗ ಸಿಕ್ಕೊಂಡು ಇನ್ನ ಎಂಟು ನಿಮಿಷ ಇರೋ ಮುಂದ ಮುಟ್ಟ್ಯಾರ.

ರಿಪೋರ್ಟ್‌ದಾಗ ನಂದು ಎಎಂಎಚ್ ಸರಿ ಅದ, ಟಿಎಸ್‌ಎಚ್ 7 ಬಂದದ, ಥೈರಾಯ್ಡಿಂದು ಅದು, ಜಾಸ್ತಿ ಆಯ್ತಂತ, ಡೇಟ್ ತಡ ಆಗೋದಕ್ಕ ಅದೇ ಕಾರಣ ಇರಬಹುದಂತ, ಗುಳಿಗಿ ಶುರು ಮಾಡ್ಯಾರ. ಇವರದು ವೀರ್ಯಾಣು ಕೌಂಟ್ ಕಡಿಮಿ. ಮಾರಿ ಇಷ್ಟಾಯ್ತು. ಮೇಡಂ "ಇತ್ತೀಚಿಗ ಜ್ವರ ಬಂದಿತ್ತೇನ್ರಿ" ಅಂದ್ರು, ಹೌದು, ಹೋದ ತಿಂಗಳೇ ಟೈಫಾಯ್ಡ್! ಜೋರ್ ಜ್ವರ ಬಂದ್ರ ಕೌಂಟ್ ಬೀಳ್ತದಂತ, ವೀರ್ಯಾಣು ಹೊಸದಾಗಿ ತಯಾರಾಗ್ಲಾಕ ಹತ್ರ ಹತ್ರ ಎರಡೂವರಿ ತಿಂಗಳು ಬೇಕಂತ, ಮೂರು ತಿಂಗಳು ಬಿಟ್ಟು ಮತ್ತ ನೋಡೋಣ, ಒಂದೇ ರಿಪೋರ್ಟ್ ಹಿಡ್ಕೊಂಡು ಐವಿಎಫ್ ಅಂದ್ರ ಟೆಸ್ಟ್ ಟ್ಯೂಬ್ ಬೇಬಿ ಮಾತು ಎತ್ತಬ್ಯಾಡ್ರಿ ಅಂದ್ರು.

ಇಬ್ಬರದೂ ಕೂಡಿ 6,400 ರೂಪಾಯಿ ಆಯ್ತು, ಬಿಲ್ ಕೇಳಿದ ಮ್ಯಾಲೇ ಕೊಟ್ರು. ಮೇಡಂಗೆ ಐದು ಸ್ಟಾರ್, ಕೌಂಟರ್‌ಗೆ ಅರ್ಧ. ಆಗಸ್ಟ್‌ದಾಗ ಮತ್ತ ಅಲ್ಲಿಗೇ ಹೋಗೋದದ, ಸ್ಯಾಂಪಲ್ ಮಾತ್ರ ಮನ್ಯಾಗಿಂದೇ.