ನಾಲ್ಕು ವರ್ಷ ಗ್ನೂ ಆಕ್ಟೇವ್ ಜೊತೆ: ಕೋಡಿಬಾಗದ ಭರ್ತಿ, ಶಿರಸಿಯ ಚಾಲಿ

ಮೊದಲೇ ಹೇಳಿಬಿಡುತ್ತೇನೆ, ಲೆಕ್ಕ ಮಾಡುವ ಸಾಫ್ಟ್‌ವೇರ್ ಗ್ನೂ ಆಕ್ಟೇವ್‌ಗೆ ನನ್ನಿಂದ ಐದಕ್ಕೆ ನಾಲ್ಕು ಸ್ಟಾರ್. ಕಡಿತ ಮಾಡಿದ ಆ ಒಂದು ಸ್ಟಾರ್ ಆಕ್ಟೇವ್‌ನ ತಪ್ಪಿಗೋ ನನ್ನ ತಪ್ಪಿಗೋ ಅನ್ನುವುದು ಇನ್ನೂ ಬಗೆಹರಿದಿಲ್ಲ.

ನಾನು ಕಾರವಾರದಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುವವಳು. ತವರು ಶಿರಸಿ ಹತ್ತಿರ. ಬಿಎಸ್ಸಿಯಲ್ಲಿ ಡಿಫರೆನ್ಷಿಯಲ್ ಈಕ್ವೇಷನ್ ಬಿಡಿಸಿ ನೋಟ್‌ಬುಕ್ ತುಂಬಿಸಿದ್ದೆ. ಆದರೆ ಕಣ್ಣೆದುರಿನ ಒಂದು ವಸ್ತು ನೋಡಿ, ಇದಕ್ಕೆ ಯಾವ ಸಮೀಕರಣ ಸರಿ ಅಂತ ಯೋಚಿಸಿದ್ದು ಒಮ್ಮೆಯೂ ಇಲ್ಲ. ಕಲಿಯೋಣ ಅಂತ 2021ರಲ್ಲಿ ಒಂದು ಆನ್‌ಲೈನ್ ಕೋರ್ಸಿಗೆ ದುಡ್ಡು ಕಟ್ಟಿದೆ. ಹೆಸರು ಬೇಡ. ಅವರು ಕೊಟ್ಟ ಕೋಡನ್ನು ಅವರು ಕೊಟ್ಟ ಡೇಟಾ ಮೇಲೆ ಓಡಿಸಿದರೆ ಅವರ ಹತ್ತಿರ ಮೊದಲೇ ಇದ್ದ ಚಿತ್ರ ಬರುತ್ತಿತ್ತು, ಕೊನೆಗೆ ಒಂದು ಸರ್ಟಿಫಿಕೇಟ್ ಬಂತು, ಅದು ಈಗಲೂ ಕಂಪ್ಯೂಟರಿನಲ್ಲಿ ಎಲ್ಲೋ ಬಿದ್ದುಕೊಂಡಿದೆ. ಅದಾದ ಮೇಲೆ ಪುಕ್ಕಟೆ ಸಿಗುವ ಗ್ನೂ ಆಕ್ಟೇವ್ ಹಾಕಿಕೊಂಡೆ.

ಮೊದಲ ದಿನ ಸೈನ್(30) ಅಂತ ಟೈಪ್ ಮಾಡಿದೆ. ಅರ್ಧ ಬರಬೇಕಿತ್ತು, ಮೈನಸ್ 0.988 ಬಂತು. ಹದಿನೈದು ವರ್ಷ ಟ್ರಿಗ್ನಾಮೆಟ್ರಿ ಹೇಳಿಕೊಟ್ಟವಳಿಗೆ ಇದು ಬೇಕಿತ್ತಾ! ಅದು ಕೋನವನ್ನು ರೇಡಿಯನ್‌ನಲ್ಲಿ ತೆಗೆದುಕೊಳ್ಳುತ್ತದೆ, ಡಿಗ್ರಿ ಬೇಕಾದರೆ ಸೈನ್‌ಡಿ ಅಂತ ಬೇರೆಯೇ ಇದೆ. ತಪ್ಪು ಪ್ರಶ್ನೆ ಕೇಳಿದರೂ ಅದು ಗಂಭೀರವಾಗಿ, ನಾಲ್ಕು ದಶಾಂಶ ಸ್ಥಾನದವರೆಗೆ ಉತ್ತರ ಕೊಡುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಹೆಸರು ಕೇಳಿ ಸಂಗೀತದ ಆಕ್ಟೇವ್ ಅಂದುಕೊಂಡಿದ್ದೆ, ಅಲ್ಲ. ಆಕ್ಟೇವ್ ಲೆವೆನ್‌ಸ್ಪೀಲ್ ಅಂತ ಒಬ್ಬ ಕೆಮಿಕಲ್ ಎಂಜಿನಿಯರಿಂಗ್ ಪ್ರೊಫೆಸರ್ ಇದ್ದರು. ಸಿಕ್ಕ ಕಾಗದದ ಹಿಂಬದಿಯಲ್ಲೇ ಅಂದಾಜು ಲೆಕ್ಕ ಹಾಕಿ ಮುಗಿಸುವುದರಲ್ಲಿ ಹೆಸರುವಾಸಿ. ಅವರ ಶಿಷ್ಯ ಜಾನ್ ಈಟನ್ ಇದನ್ನು ಬರೆದದ್ದು, 1992ರಿಂದ ಪೂರ್ತಿಯಾಗಿ ಕೂತು. ವಿದ್ಯಾರ್ಥಿಗಳು ರಿಯಾಕ್ಟರ್ ಲೆಕ್ಕ ಕಲಿಯುವ ಬದಲು ಫೋರ್ಟ್ರಾನ್ ಅನ್ನುವ ಹಳೇ ಪ್ರೋಗ್ರಾಮಿಂಗ್ ಭಾಷೆಯ ಕೋಡಿನ ತಪ್ಪು ಹುಡುಕುತ್ತಲೇ ಕೂರುತ್ತಿದ್ದರಂತೆ, ಅದನ್ನು ತಪ್ಪಿಸಲಿಕ್ಕೆ ಶುರುವಾದ ಕೆಲಸ ಇದು. ಬಳಸುವಾಗ ಅದು ಗೊತ್ತಾಗುತ್ತದೆ. ಮ್ಯಾಟ್ರಿಕ್ಸನ್ನು ಪುಸ್ತಕದಲ್ಲಿ ಇದ್ದ ಹಾಗೇ ಬರೆಯಬಹುದು, ಎಣಿಕೆ ಒಂದರಿಂದ ಶುರು, ಪೈಥಾನ್‌ನಂತೆ ಸೊನ್ನೆಯಿಂದ ಅಲ್ಲ.

ನಿಜವಾದ ಪಾಠ ಕಲಿತದ್ದು ಕೋಡಿಬಾಗದಲ್ಲಿ, ದೋಣಿ ನಿಲ್ಲುವ ಧಕ್ಕೆಯಲ್ಲಿ. ಕಾಳಿ ನದಿ ಸಮುದ್ರ ಸೇರುವ ಜಾಗ. ಕಾರವಾರದ ಕಡೆ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ, ಆದರೆ ಎರಡು ಉಬ್ಬರ ಒಂದೇ ಎತ್ತರ ಇರುವುದಿಲ್ಲ. ಇಲ್ಲಿನ ಕೊಂಕಣಿಯಲ್ಲಿ ಭರ್ತಿ, ಸುಕ್ತಿ ಅನ್ನುತ್ತಾರೆ. ಇದನ್ನು ಕೆಲವು ಸೈನ್ ಅಲೆಗಳ ಮೊತ್ತ ಅಂತ ಬರೆಯಬಹುದು. ಚಂದ್ರನದ್ದು 12.42 ಗಂಟೆಗೆ ಒಮ್ಮೆ ಬರುವ ಅಲೆ, ಎಂ2. ಸೂರ್ಯನದ್ದು 12 ಗಂಟೆಯದು, ಎಸ್2. ಜೊತೆಗೆ ದಿನಕ್ಕೊಮ್ಮೆಯ ಲೆಕ್ಕದ ಕೆ1, ಓ1, ಅವು 23.93 ಮತ್ತು 25.82 ಗಂಟೆ. ಅವಧಿ ಎಲ್ಲಾ ಗೊತ್ತಿದೆ, ನಾವು ಹುಡುಕಬೇಕಾದದ್ದು ಪ್ರತಿ ಅಲೆ ಎಷ್ಟು ಎತ್ತರ, ಯಾವ ಹೊತ್ತಿಗೆ ಅನ್ನುವುದಷ್ಟೇ. ಆಕ್ಟೇವ್‌ನಲ್ಲಿ ಅದಕ್ಕೆ ಒಂದೇ ಒಂದು ಬ್ಯಾಕ್‌ಸ್ಲ್ಯಾಷ್ ಸಾಕು, ಅಳತೆಗೆ ಅತಿ ಹತ್ತಿರ ಹೊಂದುವ ಉತ್ತರ ಅದೇ ಹುಡುಕಿಕೊಡುತ್ತದೆ.

ಬಿದಿರು ಕೋಲಿಗೆ ಪೇಂಟ್‌ನಲ್ಲಿ ಗುರುತು ಹಾಕಿ ಶನಿವಾರ, ಭಾನುವಾರ ಎರಡು ದಿನ ಬೆಳಗಿನಿಂದ ರಾತ್ರಿ ಹತ್ತರವರೆಗೆ ಅರ್ಧ ಗಂಟೆಗೊಮ್ಮೆ ನೀರಿನ ಮಟ್ಟ ಬರೆದುಕೊಂಡೆ. ಲೆಕ್ಕ ಹಾಕಿದರೆ ಗೆರೆ ಎಲ್ಲಾ ಚುಕ್ಕಿಗಳ ಮೇಲೂ ಹಾದುಹೋಯಿತು. ಎಷ್ಟು ಚೆಂದ ಅಂದರೆ ಸ್ಟೇಟಸ್ಸಿಗೂ ಹಾಕಿಕೊಂಡೆ. ಮುಂದಿನ ಭಾನುವಾರ ಹೋಗಿ ನೋಡಿದರೆ ಲೆಕ್ಕಕ್ಕೂ ನೀರಿಗೂ ಒಂದು ಮೊಳ ವ್ಯತ್ಯಾಸ. ಆಮೇಲೆ ಉತ್ತರ ಸರಿಯಾಗಿ ಓದಿದೆ, ಸೂರ್ಯನ ಅಲೆ ಚಂದ್ರನದ್ದಕ್ಕಿಂತ ದೊಡ್ಡದು ಅಂತ ಬಂದಿತ್ತು! ಅದು ಇಲ್ಲಿ ಆಗುವ ಮಾತೇ ಅಲ್ಲ.

ತಪ್ಪು ನನ್ನದು. 12.42 ಗಂಟೆಯದ್ದು ಮತ್ತು 12 ಗಂಟೆಯದ್ದು ಎರಡು ದಿನದಲ್ಲಿ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ಅವು ಒಂದು ಸುತ್ತು ಬೇರೆಯಾಗಲಿಕ್ಕೆ 14.77 ದಿನ ಬೇಕು, ಅಮಾಸೆಯಿಂದ ಹುಣ್ಣಿಮೆ. ಅಷ್ಟು ದಿನದ ಅಳತೆ ಇಲ್ಲದೆ ಯಾವುದು ಯಾರ ಪಾಲು ಅಂತ ಹೇಳುವುದು ಕಷ್ಟ. ಆಕ್ಟೇವ್ ಮಾತ್ರ ಒಂದು ಎಚ್ಚರಿಕೆಯನ್ನೂ ಕೊಡದೆ ಹೇಳಿಬಿಟ್ಟಿತು. ಕಂಡ್ ಅಂತ ಒಂದು ಫಂಕ್ಷನ್ ಇದೆ, ಅಳತೆಯ ಸಣ್ಣ ತಪ್ಪು ಉತ್ತರದಲ್ಲಿ ಎಷ್ಟು ಪಟ್ಟು ಉಬ್ಬಬಹುದು ಅಂತ ಅದು ತೋರಿಸುತ್ತದೆ. ಆದರೆ ಅದನ್ನು ನಾವಾಗಿ ಕೇಳಬೇಕು. ಈಗ ಬ್ಯಾಕ್‌ಸ್ಲ್ಯಾಷ್ ಒತ್ತುವ ಮೊದಲು ಕಂಡ್ ಕೇಳುವುದು ನನಗೆ ಅಭ್ಯಾಸ ಆಗಿದೆ, ಒಲೆ ಹಚ್ಚುವ ಮೊದಲು ಪಾತ್ರೆಯಲ್ಲಿ ನೀರಿದೆಯಾ ನೋಡಿದ ಹಾಗೆ.

ಆಮೇಲೆ ಒಂದು ತಿಂಗಳು, ದಿನಕ್ಕೆ ಐದಾರು ಸಲ, ಸಮಯ ಸಿಕ್ಕಾಗ ಅಳೆದೆ. ಎಂ2 ಅರ್ಧ ಮೀಟರಿನ ಹತ್ತಿರ ಬಂತು, ಎಸ್2 ಅದರ ಅರ್ಧಕ್ಕಿಂತ ಕಮ್ಮಿ. ಮುಂದಿನ ವಾರದ ಅಂದಾಜು ನಾಲ್ಕು ಬೆರಳಿನ ಒಳಗೆ ಕೂತಿತು. ಧಕ್ಕೆಯಲ್ಲಿ ಬಲೆ ಸರಿ ಮಾಡುತ್ತಾ ಕೂತಿದ್ದ ಅಜ್ಜ ಒಬ್ಬರಿಗೆ, ಭರ್ತಿ ದಿನಾ ಐವತ್ತು ನಿಮಿಷ ತಡ ಆಗುತ್ತದೆ ಅಂತ ಲ್ಯಾಪ್‌ಟಾಪ್ ತೋರಿಸಿದೆ. "ಎರಡು ಘಳಿಗೆ ಅಲ್ವಾ ಬಾಯೀ, ಅದಕ್ಕೆ ಇಷ್ಟೆಲ್ಲಾ ಯಾಕೆ?" ಅಂದರು. ಎರಡು ಘಳಿಗೆ ಅಂದರೆ 48 ನಿಮಿಷ. ಲ್ಯಾಪ್‌ಟಾಪ್ ಮುಚ್ಚಿದೆ. ಫೆಬ್ರವರಿಯ ಈ ಲೆಕ್ಕ ಜುಲೈನಲ್ಲಿ ನಡೆಯಲಿಲ್ಲ ಅನ್ನುವುದನ್ನೂ ಹೇಳಬೇಕು. ಮಳೆಗಾಲದ ಗಾಳಿ, ಹೊಳೆಯಲ್ಲಿ ಇಳಿದು ಬರುವ ನೀರು, ಎರಡೂ ನನ್ನ ಸಮೀಕರಣದಲ್ಲಿ ಇರಲಿಲ್ಲ.

ಇಷ್ಟಾದರೂ ಬುದ್ಧಿ ಬಂತಾ? ಇಲ್ಲ. ಮಾವನ ಮನೆ ಅಂಗಳದಲ್ಲಿ ಚಾಲಿ, ಅಂದರೆ ಸಿಪ್ಪೆ ಸಮೇತ ಒಣಗಿಸುವ ಅಡಿಕೆ, ಅದರ ಲೆಕ್ಕ ಹಿಡಿದೆ. ಹಣ್ಣಡಿಕೆ ಒಣಗಲಿಕ್ಕೆ 40-45 ದಿನ ಬಿಸಿಲು ಬೇಕು. ಒಂದು ಬುಟ್ಟಿ ಅಡಿಕೆ ಬೇರೆ ಇಟ್ಟು ದಿನಾ ಸಂಜೆ ತೂಗಿದೆವು. ಇನ್ನೂ ಎಷ್ಟು ನೀರು ಉಳಿದಿದೆಯೋ ಅಷ್ಟರ ಪ್ರಮಾಣದಲ್ಲಿ ತೂಕ ಇಳಿಯುತ್ತದೆ ಅನ್ನುವ ಸರಳ ಮಾದರಿ. ಮಾದರಿಗೆ ಹೊಂದುವ ಅಂಕಿಗಳನ್ನು ಹುಡುಕಿಕೊಡುವ ಎಫ್‌ಮಿನ್‌ಸರ್ಚ್ ಫಂಕ್ಷನ್ನಿಗೆ ಹನ್ನೆರಡು ದಿನದ ತೂಕ ಕೊಟ್ಟು, ಪೂರ್ತಿ ಒಣಗಿದ ಮೇಲೆ ಎಷ್ಟು ಉಳಿಯುತ್ತದೆ ಕೇಳಿದರೆ ಮೈನಸ್ ಒಂದೂವರೆ ಕಿಲೋ ಅಂದಿತು. ಗೆರೆ ಇಲ್ಲೂ ಚುಕ್ಕಿಗಳ ಮೇಲೇ ಇತ್ತು. ಬಾಗುವ ಭಾಗವನ್ನು ನೋಡದೆ ಕೊನೆ ಹೇಳು ಅಂದರೆ ಅದೇನು ಮಾಡೀತು. 44ನೇ ದಿನದವರೆಗೆ ತೂಗಿ, ದಿನದ ಬದಲು ಬಿಸಿಲಿದ್ದ ಗಂಟೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಸರಿಯಾಯಿತು. ಮೋಡದ ದಿನ ಗೆರೆಯಲ್ಲಿ ಬರುತ್ತಿದ್ದ ಮೆಟ್ಟಿಲುಗಳೂ ಹೋದವು.

ತಕರಾರು ಇಲ್ಲದಿಲ್ಲ. ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡಿಸುವ ಫಾರ್ ಲೂಪ್ ನಿಧಾನ, ಜಾಸ್ತಿ ಸುತ್ತು ಇದ್ದರೆ ಚಹಾ ಕುಡಿದು ಬರಬಹುದು. ಅದನ್ನೇ ವೆಕ್ಟರ್ ಆಗಿ, ಅಂದರೆ ಇಡೀ ಪಟ್ಟಿಯ ಮೇಲೆ ಒಂದೇ ಸಲ ನಡೆಯುವ ಹಾಗೆ ಬರೆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಆದರೆ ಹಾಗೆ ಯೋಚಿಸುವುದು ಕಲಿಯಲಿಕ್ಕೆ ನನಗೆ ಒಂದು ವರ್ಷ ಹಿಡಿಯಿತು. ಪ್ಯಾಕೇಜ್‌ಗಳನ್ನು ಪ್ರತಿ ಸಲ ಲೋಡ್ ಮಾಡಬೇಕು. ದುಡ್ಡು ಕೊಟ್ಟು ಕೊಳ್ಳುವ ಮ್ಯಾಟ್‌ಲ್ಯಾಬ್ ಸಾಫ್ಟ್‌ವೇರಿನ ಕೋಡ್ ಬಹುಪಾಲು ಓಡುತ್ತದೆ, ಆದರೆ ಅದರ ಜೊತೆಗಿನ ಸಿಮ್ಯುಲಿಂಕ್ (ಚಿತ್ರ ಜೋಡಿಸಿ ಮಾದರಿ ಕಟ್ಟುವ ಸಾಧನ) ಥರದ್ದು ಇಲ್ಲಿ ಇಲ್ಲ. ಕೆಲಸಕ್ಕೋಸ್ಕರ ಕಲಿಯುವ ಹುಡುಗರು ಪೈಥಾನ್ ಹಿಡಿಯಿರಿ, ಸುಮ್ನೆ ನನ್ನ ಮಾತು ಕೇಳಿ ಇಲ್ಲಿಗೆ ಬರಬೇಡಿ.

ನನ್ನಂಥವರಿಗೆ ಇದು ಸಾಕು. ಶಿರಸಿಯಲ್ಲಿ ಮಳೆಗಾಲದಲ್ಲಿ ನೆಟ್ ಹೋದರೂ ಇದು ನಡೆಯುತ್ತದೆ, ನನ್ನ ಹಳೇ ಲ್ಯಾಪ್‌ಟಾಪ್ ಕೂಡ ತಡೆದುಕೊಂಡಿದೆ. ಕನ್ನಡದಲ್ಲಿ ಕೇಳಿ ಕಲಿಯಬೇಕು ಅನ್ನುವವರು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ನೋಡಿ, ಇಂಥ ಫ್ರೀ ಸಾಫ್ಟ್‌ವೇರ್‌ಗಳ ಪಾಠಗಳಿಗೆ ಅಲ್ಲಿ ಕನ್ನಡದ ದನಿಯೂ ಇದೆ. ವಿಡಿಯೊ ನಿಲ್ಲಿಸಿ ನಿಲ್ಲಿಸಿ ಪಕ್ಕದಲ್ಲೇ ಮಾಡಿ ನೋಡುವ ಥರದ್ದು.

ಈ ಸಲ ಅಡಿಕೆಗೆ ಗಾಳಿ ಮತ್ತು ತೇವಾಂಶ ಸೇರಿಸಿ ನೋಡಬೇಕು ಅಂತಿದೆ. ಮಾವ ತಕ್ಕಡಿ ಕೊಡುವುದಿಲ್ಲ ಅಂದಿದ್ದಾನೆ. "ತಂಗೀ, ಕಿವಿ ಹತ್ರ ಹಿಡಿದು ಅಲ್ಲಾಡ್ಸು. ಒಳಗೆ ಗಡಗಡ ಅಂದ್ರೆ ಒಣಗಿದೆ ಅಂತ."